ಜೇಮ್ಸ್ ಕಸಿನ್ಸ್ ಅವರ ಹೆಂಡತಿ ಯಾರು?

ಕಳೆದ ತಿಂಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಕನ್ನಡ ಪಾಠ ನಡೆದಿತ್ತು. ಕುವೆಂಪು ಅವರ ವಿಷಯ ಬಂದಾಗ ನಮ್ಮ ಕನ್ನಡ ಉಪನ್ಯಾಸಕರು ನಿಮಗೆಲ್ಲ ಹೈಸ್ಕೂಲಿನಿಂದಲೇ ಗೊತ್ತಿರುವ ಒಂದು ಪ್ರಸಂಗ ಹೇಳಿದರಂತೆ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದರು. ಆಗ ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ತಾವು ಬರೆದ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದರು. ಕಸಿನ್ಸ್ ಓದಿ ನೋಡಿ, ನಿಮ್ಮ ಮಾತೃಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿದರು. ಕುವೆಂಪು ಕನ್ನಡದ ಕಡೆ ತಿರುಗಿದ್ದು ಅಲ್ಲಿಂದ.

ಇಷ್ಟು ಹೇಳಿ ಮುಂದಿನ ಪುಟ ತಿರುವುವಾಗ ಮುಂಡರಗಿಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಆ ಕಸಿನ್ಸ್ ಅವರ ಹೆಂಡತಿ ಏನ್ ಮಾಡತಿದ್ರರಿ?” ಕ್ಲಾಸು ಗೊಳ್ಳೆಂದು ನಕ್ಕಿತು. ಹುಡುಗಿ ಕೂತಳು. ನಮ್ಮ ಮಿತ್ರರು ಮಾತ್ರ ಸ್ಟಾಫ್ ರೂಮಿಗೆ ಬಂದು, “ಇದು ನಿಮ್ಮ ರಾಜ್ಯಶಾಸ್ತ್ರದ ಪ್ರಶ್ನೆ, ಉತ್ತರಾನೂ ನೀವೇ ಕೊಡ್ರಿ” ಎಂದು ನನ್ನ ಮೇಲೆ ಹಾಕಿ ಚಹಾ ಕುಡಿಯಲು ಹೋದರು.

ನಗುವಂಥ ಪ್ರಶ್ನೆ ಅದಲ್ಲ. ಆ ಹೆಂಡತಿಯ ಹೆಸರು ಮಾರ್ಗರೆಟ್ ಕಸಿನ್ಸ್. ಸಂಗೀತ ಕಲಿಸುವ ಶಿಕ್ಷಕಿ. ಮಂಗಳೂರಿನಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಗೆ ಮೊದಲ ಮುಖ್ಯಸ್ಥೆ. ಮೂರು ಜೈಲು ಕಂಡವರು. ಈ ದೇಶದ ಹೆಂಗಸರಿಗೂ ಮತ ಹಾಕುವ ಹಕ್ಕು ಬೇಕು ಎಂಬ ಬೇಡಿಕೆಯನ್ನು ಮೊದಲ ಸಲ ಸರ್ಕಾರದ ಎದುರಿಗೆ ಬರಹದಲ್ಲಿ ಇಡುವ ಹಾಗೆ ಮಾಡಿದವರಲ್ಲಿ ಒಬ್ಬರು. ಗಂಡನ ಹೆಸರು ನಮ್ಮ ಪಠ್ಯಗಳಲ್ಲಿ ಉಳಿಯಿತು, ಹೆಂಡತಿಯ ಹೆಸರು ಉಳಿಯಲಿಲ್ಲ. ಈ ಲೇಖನ ಆ ಹುಡುಗಿಗೆ ನಾನು ಕೊಡಬೇಕಾದ ಉತ್ತರ. ನಕ್ಕವರೂ ಓದಲಿ.

ಮಾರ್ಗರೆಟ್ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಬಾಯ್ಲ್ ಎಂಬ ಸಣ್ಣ ಪಟ್ಟಣದಲ್ಲಿ. ತವರಿನ ಹೆಸರು ಗಿಲೆಸ್ಪಿ. ಮಕ್ಕಳು ಬಹಳ ಇದ್ದ ಮನೆ, ಈಕೆ ಹಿರಿಯ ಮಗಳು. ಡಬ್ಲಿನ್ನಿಗೆ ಹೋಗಿ ಸಂಗೀತ ಓದಿ 1902ರಲ್ಲಿ ಪದವಿ ಪಡೆದರು, ಶಿಕ್ಷಕಿಯಾದರು. ಮರುವರ್ಷ ಜೇಮ್ಸ್ ಅವರನ್ನು ಮದುವೆಯಾದರು. ಐರ್ಲೆಂಡ್ ಆಗ ನಮ್ಮ ಹಾಗೆಯೇ ಬ್ರಿಟಿಷರ ಕೈಯಲ್ಲಿತ್ತು ಎಂಬುದನ್ನು ನೆನಪಿಡಿ. ಅಲ್ಲಿಯ ಹೆಂಗಸರಿಗೆ ಎರಡು ಬೇಡಿಗಳು. ದೇಶಕ್ಕೆ ಸ್ವರಾಜ್ಯವಿಲ್ಲ, ನಾಳೆ ಸ್ವರಾಜ್ಯ ಬಂದರೂ ಅದರಲ್ಲಿ ಹೆಂಗಸರಿಗೆ ಪಾಲಿದೆ ಎಂಬ ಖಾತ್ರಿಯಿಲ್ಲ. 1908ರಲ್ಲಿ ಹನಾ ಶೀಹಿ ಸ್ಕೆಫಿಂಗ್ಟನ್ ಎಂಬ ಗೆಳತಿಯ ಜೊತೆ ಸೇರಿ ಮಾರ್ಗರೆಟ್ ಐರಿಷ್ ಮಹಿಳಾ ಮತಾಧಿಕಾರ ಸಂಘ ಕಟ್ಟಿದರು.

1910ರಲ್ಲಿ ಲಂಡನ್ನಿನಲ್ಲಿ ಪ್ರಧಾನಿಗೆ ಮನವಿ ಕೊಡಲು ಹೊರಟ ಹೆಂಗಸರ ಮೆರವಣಿಗೆಯನ್ನು ಪೊಲೀಸರು ತಡೆದು ನೂರಕ್ಕೂ ಹೆಚ್ಚು ಜನರನ್ನು ಹಿಡಿದರು, ಬಹಳ ಜನರಿಗೆ ಪೆಟ್ಟಾಯಿತು. ಮನವಿ ತೆಗೆದುಕೊಳ್ಳದ ಮಂತ್ರಿಗಳ ಮನೆಯ ಕಿಟಕಿ ಗಾಜು ಒಡೆಯುವುದೆಂದು ಉಳಿದವರು ತೀರ್ಮಾನಿಸಿದರು. ಮಾರ್ಗರೆಟ್‌ಗೆ ಹಾಲೋವೆ ಜೈಲಿನಲ್ಲಿ ಒಂದು ತಿಂಗಳು. 1913ರಲ್ಲಿ ಡಬ್ಲಿನ್ ಕೋಟೆಯ, ಅಂದರೆ ಬ್ರಿಟಿಷ್ ಆಡಳಿತ ಕಚೇರಿಯ, ಗಾಜು ಒಡೆದದ್ದಕ್ಕೆ ಟಲ್ಲಮೋರ್ ಜೈಲಿನಲ್ಲಿ ಮತ್ತೊಂದು ತಿಂಗಳು. ನಾವು ಕಳ್ಳರಲ್ಲ, ರಾಜಕೀಯ ಕೈದಿಗಳು ಎಂದು ಅಲ್ಲಿ ಉಪವಾಸ ಹೂಡಿದರು. ಗಾಜು ಒಡೆಯುವುದು ಸರಿಯೇ ಎಂದು ನೀವು ಕೇಳಬಹುದು. ಕೇಳಲೇಬೇಕು, ರಾಜ್ಯಶಾಸ್ತ್ರದ ತರಗತಿ ಇರುವುದೇ ಅದಕ್ಕೆ. ನನಗೆ ಆಸಕ್ತಿಯ ಸಂಗತಿ ಬೇರೆ: ಇಷ್ಟು ಬಿರುಸಿನ ಹೋರಾಟಗಾರ್ತಿ ಭಾರತಕ್ಕೆ ಬಂದ ಮೇಲೆ ಕಲ್ಲು ಮುಟ್ಟಲಿಲ್ಲ. ಇಲ್ಲಿ ಅವರ ಕೈಗೆ ಬಂದ ಆಯುಧ ಅರ್ಜಿ.

1915ರಲ್ಲಿ ದಂಪತಿ ಮದರಾಸಿಗೆ ಬಂದರು. ಜೇಮ್ಸ್‌ಗೆ ಆನಿ ಬೆಸೆಂಟ್ ಅವರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ. ಮರುವರ್ಷ ಡಬ್ಲಿನ್ನಿನಲ್ಲಿ ನಡೆದ ದಂಗೆಯನ್ನು ಹೊಗಳಿ ಬರೆದ ಕಾರಣ ಆ ಕೆಲಸ ಹೋಯಿತು. ಬೆಸೆಂಟರೇ ಅವರನ್ನು ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜಿಗೆ ಕಳಿಸಿದರು. ಮದನಪಲ್ಲಿ ಈಗ ಆಂಧ್ರದಲ್ಲಿದೆ, ನಮ್ಮ ಕೋಲಾರದ ಗಡಿಗೆ ಹತ್ತಿರ. 1919ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದು ತಂಗಿದ್ದಾಗ ‘ಜನಗಣಮನ’ ಹಾಡಿದರು. ಅದರ ರಾಗವನ್ನು ಸ್ವರಲಿಪಿಯಲ್ಲಿ ಕೂಡಿಸಲು ನೆರವಾದವರು ಸಂಗೀತದ ಪದವೀಧರೆ ಮಾರ್ಗರೆಟ್. ಬೆಳಗಿನ ಪ್ರಾರ್ಥನೆಯಲ್ಲಿ ನಾವು ದಿನವೂ ಹಾಡುವ ಹಾಡಿನ ಹಿಂದೆ ಈ ಶಿಕ್ಷಕಿಯ ಶ್ರಮವೂ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1917ರಲ್ಲಿ ಭಾರತ ಸಚಿವ ಎಡ್ವಿನ್ ಮಾಂಟೆಗು, ಭಾರತೀಯರಿಗೆ ಆಡಳಿತದಲ್ಲಿ ಎಷ್ಟು ಪಾಲು ಕೊಡಬೇಕೆಂದು ವಿಚಾರಿಸಲು ಲಂಡನ್ನಿನಿಂದ ಬರುವವರಿದ್ದರು. ಊರೂರಿನ ಸಂಘಗಳು, ಜಮೀನ್ದಾರರು, ಪಕ್ಷಗಳು ತಮ್ಮ ನಿಯೋಗಗಳಿಗೆ ಸಮಯ ಕೇಳುತ್ತಿದ್ದವು. ಪುಣೆಯಲ್ಲಿ ಮಹರ್ಷಿ ಕರ್ವೆ ಅವರ ಮಹಿಳಾ ವಿಶ್ವವಿದ್ಯಾಲಯದ ಸಂಪರ್ಕ ಮಾರ್ಗರೆಟ್‌ಗೆ ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ ಆನಿ ಬೆಸೆಂಟ್, ಡೊರೊಥಿ ಜಿನರಾಜದಾಸ ಮುಂತಾದವರ ಜೊತೆ ಅವರು ಮದರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವನ್ನೂ ಆರಂಭಿಸಿದ್ದರು. ಹೆಂಗಸರ ಒಂದು ನಿಯೋಗವೂ ಹೋಗಲಿ, ಹೆಣ್ಣುಮಕ್ಕಳಿಗೆ ಶಾಲೆ ಹೆಚ್ಚಿಸಿ ಎಂದು ಕೇಳಲಿ ಎಂಬುದು ಮೊದಲ ಯೋಚನೆ. ಮಾರ್ಗರೆಟ್ ಅರ್ಜಿ ಬರೆದರು.

ಕಚೇರಿಯಿಂದ ಉತ್ತರ ಬಂತು. ಸಚಿವರ ವಿಚಾರಣೆ ರಾಜಕೀಯ ವಿಷಯಗಳಿಗೆ ಸೀಮಿತ, ಶಾಲೆಯ ಅಹವಾಲು ಕೇಳಲಾಗದು.

ಇಂಥ ಉತ್ತರ ಬಂದಾಗ ನಾವು ಏನು ಮಾಡುತ್ತೇವೆ? ಕಾಗದ ಮಡಚಿ ಇಡುತ್ತೇವೆ. ಮಾರ್ಗರೆಟ್ ಇನ್ನೊಂದು ಅರ್ಜಿ ಬರೆದರು. ರಾಜಕೀಯ ವಿಷಯವೇ ಬೇಕಾದರೆ ಅದನ್ನೇ ಕೇಳೋಣ ಎಂದು, ಮುಂಬರುವ ಶಾಸನ ಸಭೆಗಳಿಗೆ ಮತದಾರರನ್ನು ಗೊತ್ತುಮಾಡುವಾಗ ಹೆಂಗಸರನ್ನೂ ಸೇರಿಸಬೇಕು ಎಂಬ ಬೇಡಿಕೆ ಸೇರಿಸಿದರು. ಶಿಕ್ಷಣದ ಬೇಡಿಕೆಯನ್ನು ಕೈಬಿಡಲಿಲ್ಲ, ಅದರ ಜೊತೆಗೇ ಇಟ್ಟರು. ಭಾರತದಲ್ಲಿ ಮಹಿಳಾ ಮತಾಧಿಕಾರದ ಚಳವಳಿ ಹೀಗೆ, ತಿರಸ್ಕಾರವಾದ ಒಂದು ಶಾಲಾ ಅರ್ಜಿಯಿಂದ ಹುಟ್ಟಿತು.

1917ರ ಡಿಸೆಂಬರ್ 18ರಂದು ಮದರಾಸಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಆ ನಿಯೋಗ ಮಾಂಟೆಗು ಮತ್ತು ವೈಸರಾಯ್ ಚೆಮ್ಸ್‌ಫರ್ಡ್ ಅವರನ್ನು ಕಂಡಿತು. ಮಾರ್ಗರೆಟ್, ಆನಿ ಬೆಸೆಂಟ್ ಇದ್ದರು. ಬೇಗಂ ಹಸ್ರತ್ ಮೊಹಾನಿ ಅವರೂ ಇದ್ದರು. ನಮ್ಮ ಉರ್ದು ಪಠ್ಯಗಳಲ್ಲಿ ಕವಿ ಹಸ್ರತ್ ಮೊಹಾನಿ ಅವರನ್ನು ಓದುತ್ತೇವಲ್ಲ, ಅವರ ಪತ್ನಿ. ಇಲ್ಲಿಯೂ ಅದೇ ಕಥೆ ನೋಡಿ: ಇವರ ಸ್ವಂತ ಹೆಸರು ನಿಶಾತುನ್ನಿಸಾ. ಗಂಡ ಜೈಲಿನಲ್ಲಿದ್ದಾಗಲೂ ಹೋರಾಟದಲ್ಲಿ ನಿಂತ ಹೆಣ್ಣುಮಗಳು. ನಮ್ಮ ಬಾಯಿಗೆ ಬರುವುದು ಮಾತ್ರ ಗಂಡನ ಹೆಸರಿನ ಮೂಲಕವೇ.

ನಿಯೋಗ ಕೇಳಿದ್ದು ದೊಡ್ಡ ಮಾತಲ್ಲ. ಕಾಯಿದೆಯಲ್ಲಿ ‘ಜನ’ ಎಂದು ಬರೆಯುವಾಗ ಆ ಜನರಲ್ಲಿ ಹೆಂಗಸರೂ ಇದ್ದಾರೆ ಎಂದು ಒಪ್ಪಿಕೊಳ್ಳಿ. ಗಂಡಸರಿಗೆ ಯಾವ ಅರ್ಹತೆ ಇಡುತ್ತೀರೋ ಅದನ್ನೇ ನಮಗೂ ಇಡಿ. ಅಷ್ಟೇ.

ಸಿಕ್ಕಿತೇ? ಇಲ್ಲ. ಮತದಾರರ ಅರ್ಹತೆ ಗೊತ್ತುಮಾಡಲು ಬಂದ ಸೌತ್‌ಬರೋ ಸಮಿತಿ, ಭಾರತದ ಸಾಮಾಜಿಕ ಪರಿಸ್ಥಿತಿಯಲ್ಲಿ ಇದು ಅಕಾಲಿಕ ಎಂದು ಬೇಡಿಕೆಯನ್ನು ತಳ್ಳಿಹಾಕಿತು. ಪರದೆಯೊಳಗಿನ ಹೆಂಗಸರು ಮತಗಟ್ಟೆಗೆ ಬರುವುದು ಹೇಗೆ ಎಂಬುದು ಆಗ ಎಲ್ಲ ಕಡೆ ಕೇಳಿಬರುತ್ತಿದ್ದ ತಕರಾರು. ಹೆಂಗಸರಿಗೆ ಬೇರೆ ಮತಗಟ್ಟೆ ಮಾಡಿ, ಹೆಂಗಸರನ್ನೇ ಅಧಿಕಾರಿಗಳಾಗಿ ಕೂರಿಸಿ ಎಂಬುದು ಹೋರಾಟಗಾರ್ತಿಯರ ಸರಳ ಉತ್ತರ. ನನ್ನ ಅಭಿಪ್ರಾಯ ಕೇಳಿದರೆ, ಪರದೆ ಒಂದು ನೆಪವಾಗಿತ್ತು. ಪರದೆ ಇಲ್ಲದ ಇಂಗ್ಲೆಂಡಿನ ಹೆಂಗಸರಿಗೂ ಅಲ್ಲಿಯವರೆಗೆ ಬೇರೆ ಬೇರೆ ನೆಪ ಹೇಳಿಯೇ ಹಕ್ಕು ತಪ್ಪಿಸಿದ್ದರಲ್ಲ. ಅತ್ತ 1918ರಲ್ಲಿ ಸ್ಥಾಪನೆಯಾದ ಮುಸ್ಲಿಂ ಬಹುಸಂಖ್ಯಾತ ಅಜರ್‌ಬೈಜಾನ್ ಗಣರಾಜ್ಯ ತನ್ನ ಹೆಂಗಸರಿಗೆ ಮತದ ಹಕ್ಕು ಕೊಟ್ಟಾಗಿತ್ತು.

ಈ ನಡುವೆ ಚಳವಳಿ ನಮ್ಮ ಬಾಗಿಲಿಗೂ ಬಂದಿತ್ತು. 1918ರ ಮೇ ತಿಂಗಳಲ್ಲಿ ಬಾಂಬೆ ಪ್ರಾಂತೀಯ ಸಮ್ಮೇಳನ ವಿಜಯಪುರದಲ್ಲಿ ನಡೆಯಿತು. ಗದಗಿನಿಂದ ಹೊಟಗಿ ಕಡೆಗೆ ಹೋಗುವ ರೈಲು ಹತ್ತಿದರೆ ದಾರಿಯಲ್ಲಿ ಸಿಗುವ ಊರು ಅದು. ಅಲ್ಲಿ ಸರೋಜಿನಿ ನಾಯ್ಡು ಮಹಿಳಾ ಮತಾಧಿಕಾರದ ಗೊತ್ತುವಳಿ ಮಂಡಿಸಿದರು, ಸಮ್ಮೇಳನ ಒಪ್ಪಿಕೊಂಡಿತು. ಮರುವರ್ಷ ಬಾಂಬೆಯ ಪಾರ್ಸಿ ಮಹಿಳೆ ಹೀರಾಬಾಯಿ ಟಾಟಾ, ಮಗಳು ಮಿಥನ್ ಜೊತೆ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ವಾದಿಸಿದರು. ಕಡೆಗೆ 1919ರ ಭಾರತ ಸರ್ಕಾರ ಕಾಯಿದೆ ಜಾಣತನದ ದಾರಿ ಹಿಡಿಯಿತು. ಹಕ್ಕು ಕೊಡಲಿಲ್ಲ, ಇಲ್ಲವೆನ್ನಲೂ ಇಲ್ಲ; ಆಯಾ ಪ್ರಾಂತದ ಶಾಸನ ಸಭೆ ಬೇಕೆಂದರೆ ಕೊಡಬಹುದು ಎಂದು ಬಿಟ್ಟಿತು.

ಸರಿಯಾಗಿ ಈ ದಿನಗಳಲ್ಲಿ, 1919-20ರಲ್ಲಿ, ಮಾರ್ಗರೆಟ್ ಮಂಗಳೂರಿನಲ್ಲಿದ್ದರು. ಅಲ್ಲಿ ಹೊಸದಾಗಿ ತೆರೆದ ರಾಷ್ಟ್ರೀಯ ಬಾಲಿಕಾ ಶಾಲೆಗೆ ಅವರೇ ಮೊದಲ ಮುಖ್ಯಸ್ಥೆ. ರಾಷ್ಟ್ರೀಯ ಶಾಲೆ ಎಂದರೆ ಸರ್ಕಾರದ ಹಣ, ಸರ್ಕಾರದ ಪಠ್ಯಗಳ ಹಂಗಿಲ್ಲದೆ ನಡೆಸುವ ಶಾಲೆ ಎಂದು ಆಗಿನ ಅರ್ಥ. ಒಂದು ಕಡೆ ದೇಶದ ಹೆಂಗಸರ ಮತದ ಹಕ್ಕಿಗಾಗಿ ಪತ್ರ ಬರೆಯುವುದು, ಇನ್ನೊಂದು ಕಡೆ ಮಂಗಳೂರಿನ ಮಕ್ಕಳ ಹಾಜರಿ ಹಾಕುವುದು. ಇವೆರಡೂ ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಂಗಸರಿಲ್ಲದಿದ್ದರೆ ಹೆಣ್ಣುಮಕ್ಕಳ ಶಾಲೆಗೆ ಹಣ ಕೇಳುವವರು ಸಭೆಯಲ್ಲಿ ಇರುವುದಿಲ್ಲ. ಶಾಲೆಯಿಲ್ಲದಿದ್ದರೆ ನಾಳೆ ಪಟ್ಟಿಗೆ ಸೇರುವ ಹೆಂಗಸರೇ ಇರುವುದಿಲ್ಲ. 1917ರ ಎರಡು ಅರ್ಜಿಗಳ ಪಾಠವೂ ಇದೇ ಆಗಿತ್ತು.

1921ರ ಏಪ್ರಿಲ್‌ನಲ್ಲಿ ಮದರಾಸು ಶಾಸನ ಸಭೆ ಹೆಂಗಸರ ಮೇಲಿನ ನಿರ್ಬಂಧ ತೆಗೆಯುವ ನಿರ್ಣಯ ಮಾಡಿತು. ಬ್ರಿಟಿಷ್ ಪ್ರಾಂತಗಳಲ್ಲಿ ಇದು ಮೊದಲನೆಯದು. ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು, ಬಳ್ಳಾರಿಯೂ. ಅದೇ ವರ್ಷ ಬಾಂಬೆ ಶಾಸನ ಸಭೆಯೂ ಹಿಂಬಾಲಿಸಿತು. ಮೈಸೂರು ಸಂಸ್ಥಾನ 1923ರ ಹೊತ್ತಿಗೆ ತನ್ನ ಪ್ರಜಾಪ್ರತಿನಿಧಿ ಸಭೆಯ ಮತವನ್ನು ಹೆಂಗಸರಿಗೆ ತೆರೆಯಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಬ್ರಿಟನ್ನಿನಲ್ಲಿ 1918ರಲ್ಲಿ ಹಕ್ಕು ಸಿಕ್ಕಿದ್ದು 30 ದಾಟಿದ ಹೆಂಗಸರಿಗೆ ಮಾತ್ರ, ಅದೂ ಷರತ್ತುಗಳೊಂದಿಗೆ. ಗಂಡಸರಿಗೆ ಸಮನಾದ ಹಕ್ಕು ಬಂದದ್ದು 1928ರಲ್ಲಿ. ಮದರಾಸಿನಲ್ಲಾದರೋ 1921ರಲ್ಲೇ ಗಂಡಸರಿಗೆ ಇದ್ದ ನಿಯಮವೇ ಹೆಂಗಸರಿಗೂ. ಆಳುವವರ ದೇಶಕ್ಕಿಂತ ಆಳಿಸಿಕೊಳ್ಳುವವರ ಸಭೆ ಈ ಒಂದು ವಿಷಯದಲ್ಲಿ ಮುಂದಿತ್ತು.

ನಮ್ಮ ಊರುಗಳಿಗೆ ಇದರಿಂದ ಏನಾಯಿತು? ಗದಗ-ಬೆಟಗೇರಿ ಮತ್ತು ಮುಂಡರಗಿ ಆಗ ಬಾಂಬೆ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಹಾಗಾಗಿ 1921ರ ಬಾಂಬೆ ನಿರ್ಣಯ ಇಲ್ಲಿಗೂ ಬಂತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ. ಆ ಎರಡು ಊರುಗಳಿಗೆ ಬಾಂಬೆಯ ನಿರ್ಣಯ ಅನ್ವಯಿಸಲಿಲ್ಲ. ಮುಂಡರಗಿಯಿಂದ ಆಚೆ ಕೊಪ್ಪಳ ಸೀಮೆ ನಿಜಾಮರದು, ಅಲ್ಲಿಯೂ ಇಲ್ಲ. ಈಗ ಒಂದೇ ಪಾಸಿನ ಮೇಲೆ ನೀವು ಬೆಳಿಗ್ಗೆ ಬಂದು ಸಂಜೆ ಹೋಗುವ ದಾರಿಯಲ್ಲಿ ಆಗ ಮೂರು ನಾಲ್ಕು ಸರ್ಕಾರಗಳ ಗಡಿಗಳಿದ್ದವು. ಗದಗಿನ ಒಬ್ಬ ಹೆಣ್ಣುಮಗಳಿಗೆ ಲಕ್ಷ್ಮೇಶ್ವರದ ತನ್ನ ಅಕ್ಕತಂಗಿಗೆ ಇಲ್ಲದ ಹಕ್ಕು ಇರಬಹುದಾಗಿತ್ತು.

ಇರಬಹುದಾಗಿತ್ತು ಎಂದೆ, ಇತ್ತು ಎನ್ನಲಿಲ್ಲ. ಏಕೆಂದರೆ ಆಗ ಮತ ಇದ್ದದ್ದು ಆಸ್ತಿಗೆ. ಇಂತಿಷ್ಟು ಭೂಕಂದಾಯ ಕಟ್ಟಬೇಕು, ಇಲ್ಲವೇ ಇಂತಿಷ್ಟು ಬಾಡಿಗೆಯ ಬೆಲೆಯುಳ್ಳ ಮನೆ ಇರಬೇಕು, ಇಲ್ಲವೇ ಆದಾಯ ತೆರಿಗೆ ಕಟ್ಟಬೇಕು. ಗಂಡಸರಲ್ಲೇ ಬಹುಪಾಲು ಜನರಿಗೆ ಆ ಅರ್ಹತೆ ಇರಲಿಲ್ಲ. ಹೆಂಗಸರ ಹೆಸರಿಗೆ ಹೊಲ ಮನೆ ಎಷ್ಟು ಇರುತ್ತವೆ? ಸುಮಾರಾಗಿ ನೂರರಲ್ಲಿ ಒಬ್ಬ ಹೆಂಗಸಿಗೆ ಮತ ದಕ್ಕಿತು. ಬೆಟಗೇರಿಯಲ್ಲಿ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದವಳಿಗೆ, ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವಳಿಗೆ ಅದು ಬರಲಿಲ್ಲ. ಮಾರ್ಗರೆಟ್ ಮತ್ತು ಅವರ ಗೆಳತಿಯರು ಓದಿದವರು, ಅನುಕೂಲಸ್ಥರು. ಗಂಡಸರಿಗೆ ಇರುವ ನಿಯಮ ನಮಗೂ ಎಂದು ಕೇಳಿದಾಗ ಆ ನಿಯಮವೇ ಬಡವರನ್ನು ಹೊರಗಿಟ್ಟಿದೆ ಎಂಬುದು ಮೊದಲಿಗೆ ಅವರನ್ನು ಹೆಚ್ಚು ಕಾಡಿದಂತೆ ಕಾಣುವುದಿಲ್ಲ. ಈ ಆಕ್ಷೇಪ ನ್ಯಾಯವಾದದ್ದು. ಮುಂದೆ ಮಹಿಳಾ ಸಂಘಟನೆಗಳೇ ಆಸ್ತಿ, ಓದು ಯಾವುದನ್ನೂ ನೋಡದೆ ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ ಎಂದು ಒತ್ತಾಯಿಸಿದವು ಎಂಬುದನ್ನೂ ಹೇಳಬೇಕು.

ಮತ ಹಾಕುವ ಹಕ್ಕು ಬಂದರೂ ಚುನಾವಣೆಗೆ ನಿಲ್ಲುವ ಹಕ್ಕು ಬಂದಿರಲಿಲ್ಲ. ಅದು 1926ರಲ್ಲಿ ಬಂತು. ಬಂದ ಕೂಡಲೇ ಮಾರ್ಗರೆಟ್ ಮಾಡಿದ ಕೆಲಸ, ಮಂಗಳೂರಿನಲ್ಲಿ ಹುಟ್ಟಿದ 23ರ ಪ್ರಾಯದ ಒಬ್ಬ ಹೆಣ್ಣುಮಗಳನ್ನು ಮದರಾಸು ಶಾಸನ ಸಭೆಗೆ ನಿಲ್ಲುವಂತೆ ಹುರಿದುಂಬಿಸಿದ್ದು. ಆಕೆ ಕಮಲಾದೇವಿ ಚಟ್ಟೋಪಾಧ್ಯಾಯ. ದೇಶದಲ್ಲಿ ಶಾಸನ ಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯರಲ್ಲಿ ಒಬ್ಬರು. ಪ್ರಚಾರಕ್ಕೆ ಸಿಕ್ಕ ಸಮಯ ಕಡಿಮೆ. ಮಾರ್ಗರೆಟ್ ಜೊತೆಗೆ ನಿಂತು ಓಡಾಡಿದರು. ಕಮಲಾದೇವಿ ಸೋತದ್ದು ಬರೀ ಐವತ್ತು ಚಿಲ್ಲರೆ ಮತಗಳಿಂದ. ಮತದಾರರಲ್ಲಿ ಬಹುತೇಕ ಎಲ್ಲರೂ ಆಸ್ತಿವಂತ ಗಂಡಸರಾಗಿದ್ದ ಚುನಾವಣೆಯಲ್ಲಿ ಆ ಅಂತರ ಎಷ್ಟು ಸಣ್ಣದು ನೋಡಿ. ಮುಂದೆ ಕಮಲಾದೇವಿ ಉಪ್ಪಿನ ಸತ್ಯಾಗ್ರಹಕ್ಕೆ ಇಳಿದರು, ಸ್ವಾತಂತ್ರ್ಯದ ಮೇಲೆ ದೇಶದ ನೇಕಾರರು ಕುಶಲಕರ್ಮಿಗಳ ಬೆನ್ನಿಗೆ ನಿಂತರು. ನೇಕಾರರ ಊರಿನವರಾದ ನಮಗೆ ಆ ಹೆಸರು ಪರಕೀಯವಲ್ಲ. ಮರುವರ್ಷ, 1927ರಲ್ಲಿ, ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ಅದೇ ಮದರಾಸು ಸಭೆಗೆ ನಾಮಕರಣಗೊಂಡು ಅದರ ಉಪಾಧ್ಯಕ್ಷೆಯಾದರು.

1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು. ಇದರ ಹಿಂದೆಯೂ ಮಾರ್ಗರೆಟ್ ಬರೆದ ಪತ್ರಗಳಿದ್ದವು. ಹೆಣ್ಣುಮಕ್ಕಳಿಗೆ ಎಂಥ ಶಿಕ್ಷಣ ಬೇಕು ಎಂದು ಹೆಂಗಸರೇ ಕೂತು ಚರ್ಚಿಸಿ ಹೇಳಲಿ ಎಂದು ಊರೂರಿನ ಮಹಿಳೆಯರಿಗೆ ಕರೆ ಕೊಟ್ಟಿದ್ದರು. ಹತ್ತು ವರ್ಷದ ಹಿಂದೆ ಮಾಂಟೆಗು ಕಚೇರಿ ಕೇಳಲೊಲ್ಲೆನೆಂದ ವಿಷಯ ಇದೇ ಅಲ್ಲವೇ? ಮೊದಲ ಸಮ್ಮೇಳನಕ್ಕೆ ಬರೋಡದ ಮಹಾರಾಣಿ ಚಿಮಣಾಬಾಯಿ ಅಧ್ಯಕ್ಷೆ, 1928ರ ಎರಡನೆಯ ಸಮ್ಮೇಳನಕ್ಕೆ ಭೋಪಾಲದ ಬೇಗಂ ಸುಲ್ತಾನ್ ಜಹಾನ್. ಬುರ್ಖಾ ಧರಿಸಿಯೇ ಒಂದು ರಾಜ್ಯ ಆಳಿದ, ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಯಾದ ಹೆಣ್ಣುಮಗಳು ಅವರು. ಪರದೆಯವರು ಸಾರ್ವಜನಿಕ ಕೆಲಸಕ್ಕೆ ಬರಲಾರರು ಎಂದಿದ್ದ ಸೌತ್‌ಬರೋ ಕಾಲದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಮಾರ್ಗರೆಟ್ 1920ರ ದಶಕದ ಆರಂಭದಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಗೌರವ ಮ್ಯಾಜಿಸ್ಟ್ರೇಟ್ ಕೂಡ ಆಗಿದ್ದರು, ಭಾರತದಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಎಂಬ ಹೆಸರಿದೆ. ಹತ್ತು ವರ್ಷದ ಮೇಲೆ ಅದೇ ಮ್ಯಾಜಿಸ್ಟ್ರೇಟ್ ಕಟಕಟೆಯ ಈಚೆ ನಿಂತರು. 1932ರಲ್ಲಿ ಸರ್ಕಾರದ ತುರ್ತು ಆಜ್ಞೆಗಳನ್ನು ವಿರೋಧಿಸಿ ಭಾಷಣ ಮಾಡಿದ್ದಕ್ಕೆ ಒಂದು ವರ್ಷ ಸಜೆ, ವೆಲ್ಲೂರು ಜೈಲು. ಲಂಡನ್, ಟಲ್ಲಮೋರ್, ವೆಲ್ಲೂರು: ಇಂಗ್ಲೆಂಡು, ಐರ್ಲೆಂಡು, ಭಾರತ ಮೂರೂ ಕಡೆ ಒಂದೇ ಸರ್ಕಾರದ ಜೈಲು ಕಂಡ ಸಂಗೀತದ ಟೀಚರು ಬಹಳ ಜನ ಇರಲಿಕ್ಕಿಲ್ಲ.

1936ರಲ್ಲಿ ತಾವೇ ಹುಟ್ಟಿಸಿದ ಮಹಿಳಾ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆದರೆ ಆ ದಶಕದ ಕೊನೆಗೆ ಮುಂದಾಳತ್ವದಿಂದ ಹಿಂದೆ ಸರಿದರು. ದೇಶ ತನ್ನ ಹೋರಾಟ ತಾನೇ ನಡೆಸುತ್ತಿದೆ, ಅರ್ಹ ಭಾರತೀಯ ಹೆಂಗಸರು ಮುಂದೆ ಬಂದಿದ್ದಾರೆ, ಇನ್ನು ತಾನು ಎದುರಿಗೆ ನಿಲ್ಲುವುದು ಬೇಕಿಲ್ಲ ಎಂಬುದು ಅವರ ಭಾವನೆ. ಹೊರಗಿನಿಂದ ಬಂದು ಸಹಾಯ ಮಾಡಿದವರು ಎಷ್ಟೋ ಜನ; ಯಾವಾಗ ಕುರ್ಚಿ ಬಿಡಬೇಕೆಂದು ತಿಳಿದವರು ಕಡಿಮೆ. ಆಕೆಯ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ್ದು ಈ ಭಾಗ.

ಕೊನೆಯ ದಿನಗಳು ಸುಲಭವಾಗಿರಲಿಲ್ಲ. 1944ರಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಮದರಾಸು ಸರ್ಕಾರ, ಆಮೇಲೆ ಪ್ರಧಾನಿ ನೆಹರೂ ಅವರು ನೆರವು ಕೊಡಿಸಿದರು. 1950ರಲ್ಲಿ ದಂಪತಿ ಸೇರಿ ಬರೆದ ಆತ್ಮಕಥೆ ಹೊರಬಂತು. ಒಂದು ಅಧ್ಯಾಯ ಗಂಡ, ಒಂದು ಅಧ್ಯಾಯ ಹೆಂಡತಿ ಎಂಬಂತೆ ಇಬ್ಬರ ದನಿಯೂ ಅದರಲ್ಲಿದೆ. 1954ರ ಮಾರ್ಚ್ 11ರಂದು ಮಾರ್ಗರೆಟ್ ತೀರಿಕೊಂಡರು.

ಅಷ್ಟರಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. 1935ರ ಕಾಯಿದೆ ಸುಮಾರು 60 ಲಕ್ಷ ಹೆಂಗಸರಿಗೆ ಮತ ಕೊಟ್ಟಿತ್ತು. ಐದು ಗಂಡಸರಿಗೆ ಒಬ್ಬ ಹೆಂಗಸಿನ ಲೆಕ್ಕ. 1950ರ ಸಂವಿಧಾನ ಆ ಲೆಕ್ಕವನ್ನೇ ಅಳಿಸಿ 21 ತುಂಬಿದ ಎಲ್ಲರಿಗೂ ಮತ ಕೊಟ್ಟಿತು. ಆ ಸಂವಿಧಾನ ಸಭೆಯಲ್ಲಿ 15 ಜನ ಮಹಿಳೆಯರಿದ್ದರು, ಅವರಲ್ಲಿ ಒಬ್ಬರೇ ಮುಸ್ಲಿಂ, ಬೇಗಂ ಐಜಾಜ್ ರಸೂಲ್. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿದ್ದರಿಂದ ಲಕ್ಷ್ಮೇಶ್ವರ, ಶಿರಹಟ್ಟಿಯ ಹೆಂಗಸರೂ 1951-52ರ ಮೊದಲ ಮಹಾಚುನಾವಣೆಯಲ್ಲಿ ಗದಗಿನವರ ಸಾಲಿನಲ್ಲೇ ನಿಂತರು.

ಆದರೆ ಪಟ್ಟಿ ಮಾಡುವಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಮನೆಬಾಗಿಲಿಗೆ ಹೋದ ಅಧಿಕಾರಿಗಳಿಗೆ ಲಕ್ಷಾಂತರ ಹೆಂಗಸರು ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಮತದಾರಳಿಗೆ ಹೆಸರಿರಬೇಕು ಎಂದರು, ತಿದ್ದಿಸಲು ಸಮಯವನ್ನೂ ಕೊಟ್ಟರು. ಆದರೂ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು. ಹೆಚ್ಚಿನವು ಉತ್ತರದ ರಾಜ್ಯಗಳಲ್ಲಿ.

ನಮ್ಮ ಕಡೆ ಅಷ್ಟು ಆಗಿರಲಿಕ್ಕಿಲ್ಲ. ಆದರೂ ಲಕ್ಷ್ಮೇಶ್ವರದ ನನ್ನ ನಾನಿ ಹೇಳುತ್ತಿದ್ದ ಮಾತು ನೆನಪಿದೆ. ಪಟ್ಟಿಯವರು ಬಂದಾಗ ಅತ್ತೆಯ ಎದುರು ತನ್ನ ಹೆಸರು ತಾನೇ ಜೋರಾಗಿ ಹೇಳಬೇಕಾಯಿತಂತೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲ. “ನನ್ನ ಹೆಸರು ನನಗೇ ಹೊಸದಾಗಿ ಕೇಳಿಸ್ತು” ಎಂದು ನಗುತ್ತಿದ್ದಳು.

ಈಗ ನಿಮ್ಮ ವಿಷಯ. ಮತದ ವಯಸ್ಸು 1989ರಿಂದ 18. ಹದಿನೇಳು ತುಂಬಿದವರು ಈಗಲೇ ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖು, ಈ ನಾಲ್ಕರಲ್ಲಿ 18 ತುಂಬಿದ ಮೇಲೆ ಬರುವ ಮೊದಲ ದಿನಕ್ಕೆ ನೀವು ಅರ್ಹರು. ಮೊದಲೆಲ್ಲ ಜನವರಿಯವರೆಗೆ ಕಾಯಬೇಕಿತ್ತು. ಹೊಸದಾಗಿ ಸೇರಲು ಫಾರ್ಮ್ 6, ತಪ್ಪು ತಿದ್ದಿಸಲು ಫಾರ್ಮ್ 8. ನಿಮ್ಮ ಓಣಿಯ ಬಿಎಲ್ಒ ಬಳಿ ಸಿಗುತ್ತವೆ, ಆನ್‌ಲೈನಿನಲ್ಲಿಯೂ ತುಂಬಬಹುದು. ತುಂಬುವಾಗ ಹೆಸರಿನ ಕಡೆ ಗಮನ ಕೊಡಿ. ನಮ್ಮ ಹುಡುಗಿಯರ ದಾಖಲೆ ನೋಡುವಾಗ ನನಗೆ ಪ್ರತಿವರ್ಷ ಸಿಗುವ ತೊಂದರೆ ಇದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬೇಗಂ’, ಆಧಾರಿನಲ್ಲಿ ‘ಬೇಗಮ್’, ರೇಷನ್ ಕಾರ್ಡಿನಲ್ಲಿ ಬರೀ ‘ಬಿ’. ಒಂದೇ ಹುಡುಗಿಗೆ ಮೂರು ಹೆಸರು. ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಒಂದೊಂದು ಅಕ್ಷರ ನೋಡಿ ಬರೆಯಿರಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ಮನೆಯಲ್ಲಿ ಅಮ್ಮಿಯ, ದಾದಿಯ ಹೆಸರು ಪಟ್ಟಿಯಲ್ಲಿ ಹೇಗಿದೆ ಎಂದೂ ಒಮ್ಮೆ ನೋಡಿ. ಅನುಮಾನ ಬಂದರೆ ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿಗೆ ಕಾಗದ ಹಿಡಿದು ಬನ್ನಿ, ಕೂತು ನೋಡೋಣ. ಪ್ರಶ್ನೆ ಕೇಳಿದ ಮುಂಡರಗಿಯ ಹುಡುಗಿಗೆ ಬರುವ ಅಕ್ಟೋಬರಿನೊಳಗೆ 18 ತುಂಬುತ್ತದೆ. ಆಕೆಯ ಫಾರ್ಮ್ ಮೊದಲು ತುಂಬೋಣ.